ಗೊತ್ತಿಲ್ಲ ಎನ್ನದ ಫಂಕ್ಷನ್

ಮೊನ್ನೆ ನನ್ನ ತಂಗಿಯ ಮಗಳು ಪಾಣೆಮಂಗಳೂರಿಗೆ ಬಂದಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. "ಮಾಮಾ, ನನ್ನನ್ನು ರಿವ್ಯೂಗೆ ಹಾಕಿದ್ದಾರೆ. ಬೇರೆಯವರು ಬರೆದ ಕೋಡ್ ಓದಿ ತಪ್ಪು ಹೇಳುವುದು. ಸುಲಭ ಅಲ್ವಾ?" ಎಂದು ಕೇಳಿದಳು. ನಾನು ಸುಲಭ ಎಂದೂ ಹೇಳಲಿಲ್ಲ, ಕಷ್ಟ ಎಂದೂ ಹೇಳಲಿಲ್ಲ. ಊಟಕ್ಕೆ ಕುಳಿತ ಹುಡುಗಿಗೆ ಅಂಥ ಮಾತು ಹೇಳಿ ಅನ್ನ ಕಹಿ ಮಾಡುವುದು ಬೇಡ ಅನ್ನಿಸಿತು. ಅವಳು ಬಸ್ಸು ಹತ್ತಿದ ಮೇಲೆ ಇದನ್ನು ಬರೆಯಲು ಕುಳಿತೆ. ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುವ ಉಳಿದ ಮಕ್ಕಳಿಗೂ ಇರಲಿ.

ನಾನು ದುಡಿದದ್ದು ಮೂಡುಬಿದಿರೆಯ ಒಂದು ಸಣ್ಣ ಕಂಪೆನಿಯಲ್ಲಿ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ನಾವು. ಬಿಸಿ, ತೇವ, ನೀರಿನ ಮಟ್ಟ ಅಳೆಯುವ ಪೆಟ್ಟಿಗೆಗಳನ್ನು ಮಾಡುತ್ತಿದ್ದೆವು. ಪೆಟ್ಟಿಗೆಯೊಳಗೆ ಒಂದು ಸಣ್ಣ ಕಂಪ್ಯೂಟರ್, ಅದರೊಳಗೆ ಕರ್ನೆಲ್, ಅಂದರೆ ಯಂತ್ರದ ಎಲ್ಲ ಕೆಲಸಕ್ಕೂ ಬುಡದಲ್ಲಿರುವ ತಂತ್ರಾಂಶ. ಹೊರಗೆ ಎಲ್ಲೋ ನೇತಾಡುವ ಸೆನ್ಸರ್ ಏನು ಹೇಳುತ್ತಿದೆ ಎಂದು ಕರ್ನೆಲ್‌ಗೆ ತಿಳಿಸುವ ತುಂಡು ಕೋಡಿಗೆ ಡ್ರೈವರ್ ಎನ್ನುತ್ತಾರೆ. ಒಂದೊಂದು ಜಾತಿಯ ಸೆನ್ಸರಿಗೆ ಒಂದೊಂದು ಡ್ರೈವರ್. ಆದರೆ ಕೆಲವು ಕೆಲಸ ಎಲ್ಲ ಡ್ರೈವರುಗಳಿಗೂ ಬೇಕು. ಬಂದ ಅಂಕಿಯನ್ನು ಡಿಗ್ರಿಗೆ ತಿರುಗಿಸಬೇಕು, ಸೆನ್ಸರ್ ಉತ್ತರ ಕೊಡದಿದ್ದರೆ ಇನ್ನೊಮ್ಮೆ ಕೇಳಬೇಕು. ಇವನ್ನು ಪ್ರತಿಯೊಬ್ಬನೂ ಬೇರೆ ಬೇರೆ ಬರೆಯುವುದು ಬೇಡವೆಂದು ಒಂದೇ ಕಡೆ ಬರೆದಿಡುತ್ತಿದ್ದೆವು. ಅವೇ ಸಹಾಯಕ ಫಂಕ್ಷನ್‌ಗಳು. ಅವುಗಳನ್ನು ಓದಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳುವುದು ನನ್ನ ಕೆಲಸವಾಗಿತ್ತು.

ಒಂದು ಡ್ರೈವರ್ ಕೆಟ್ಟರೆ ಒಂದು ಜಾತಿಯ ಸೆನ್ಸರ್ ಕೆಡುತ್ತದೆ. ಸಹಾಯಕ ಫಂಕ್ಷನ್ ಕೆಟ್ಟರೆ ಎಲ್ಲವೂ ಕೆಡುತ್ತವೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಯಾವ ಡ್ರೈವರ್ ಬರೆದರೂ ಕೊನೆಗೆ ಆ ಫಂಕ್ಷನ್ ಇದ್ದಲ್ಲಿಗೆ ಬರಲೇಬೇಕು.

ಇದನ್ನು ನನಗೆ ಕಲಿಸಿದ್ದು ಬಂಟ್ವಾಳದ ಒಂದು ಐಸ್ ಫ್ಯಾಕ್ಟರಿ. ಆಗ ನಮ್ಮ ಮೇಲಿನವರಾದ ಜಿನರಾಜರು ತಾವೇ ಕೋಡ್ ಬರೆಯುತ್ತಿದ್ದರು. ಫ್ಯಾಕ್ಟರಿಗೆ ಪೆಟ್ಟಿಗೆ ಕೂರಿಸಿ ಬಂದ ಮರುದಿನ ಧಣಿಯ ಫೋನು. "ಸ್ವಾಮೀ, ನಿಮ್ಮ ಪೆಟ್ಟಿಗೆ ಪ್ರಕಾರ ನಮ್ಮ ಐಸು ಕುದಿಯುತ್ತಾ ಉಂಟು. ಚಹಾಪುಡಿ ಹಿಡ್ಕೊಂಡು ಬನ್ನಿ, ಒಟ್ಟಿಗೆ ಕುಡಿಯುವ." ಸೊನ್ನೆಗಿಂತ ಕೆಳಗಿನ ಅಂಕಿಯನ್ನು ಓದಲು ಫಂಕ್ಷನ್‌ಗೆ ತಿಳಿಯುತ್ತಿರಲಿಲ್ಲ. ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿಳಿದರೆ ಇನ್ನೂರೈವತ್ತೈದು ಎಂದು ತೋರಿಸುತ್ತಿತ್ತು. ದೊಡ್ಡ ಅಂಕಿ ಬಂದರೆ ಸೊನ್ನೆಗಿಂತ ಕೆಳಗಿನದು ಎಂದು ಓದುವ ಹಾಗೆ ಜಿನರಾಜರು ಒಂದೇ ಸಾಲಿನಲ್ಲಿ ಸರಿಮಾಡಿದರು. ಎಲ್ಲರೂ ಭೇಷ್ ಎಂದೆವು. ಆಟಿ ತಿಂಗಳು ಬಂತು, ಮಳೆ ಹೊಡೆಯಿತು, ಗೇರುಬೀಜದ ಗೋದಾಮಿನಲ್ಲಿ ನಾವು ಇಟ್ಟಿದ್ದ ತೇವ ಅಳೆಯುವ ಪೆಟ್ಟಿಗೆ ಗಾಳಿಯಲ್ಲಿ ಸೊನ್ನೆಗಿಂತ ಕಡಿಮೆ ತೇವ ಇದೆ ಎಂದು ತೋರಿಸಿತು. ಗೋಡೆಯಲ್ಲಿ ನೀರು ಇಳಿಯುತ್ತಿದೆ, ಪೆಟ್ಟಿಗೆ ಮರುಭೂಮಿ ಎನ್ನುತ್ತಿದೆ! ತೇವದ ಸೆನ್ಸರ್ ಕೂಡ ಅದೇ ಫಂಕ್ಷನ್ನನ್ನು ಕರೆಯುತ್ತಿತ್ತು. ಐಸಿಗೆ ಕೊಟ್ಟ ಮದ್ದು ಗೇರುಬೀಜಕ್ಕೆ ವಿಷವಾಯಿತು.

ಆಮೇಲೆ ಜಿನರಾಜರು ನನ್ನನ್ನು ಕರೆದು, "ಕಾಕ, ಇನ್ನು ಮುಂದೆ ಇಂಥದ್ದು ಯಾರು ಬರೆದರೂ ನೀವು ನೋಡದೆ ಒಳಗೆ ಹೋಗುವುದು ಬೇಡ. ನಾನು ಬರೆದರೂ ಅಷ್ಟೇ" ಎಂದರು. ಆಫೀಸಿನಲ್ಲಿ ಎಲ್ಲರಿಗೂ ನಾನು ಕಾಕ. ಹೀಗೆ ನಾನು ರಿವ್ಯೂ ಮಾಡುವವನಾದೆ.

ತೊಂಬತ್ತರ ಆ ವರ್ಷಗಳಲ್ಲಿ ಓದುವುದೆಂದರೆ ಕಾಗದದಲ್ಲಿ. ಎರಡು ಬದಿಯಲ್ಲೂ ತೂತಿರುವ, ಹರಿದಷ್ಟೂ ಮುಗಿಯದ ಕಾಗದದ ಮೇಲೆ ಮುದ್ರಿಸಿ ಕೊಡುತ್ತಿದ್ದರು. ಅದನ್ನು ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಿ.ಸಿ. ರೋಡಿನಿಂದ ಮೂಡುಬಿದಿರೆಯವರೆಗೆ ಕೆಂಪು ಪೆನ್ನಿನಲ್ಲಿ ಗೀಚುತ್ತಾ ಹೋಗುತ್ತಿದ್ದೆ. ಕಂಡಕ್ಟರ್ ನನ್ನನ್ನು ಶಾಲೆಯ ಮಾಸ್ಟ್ರು ಎಂದೇ ತಿಳಿದಿದ್ದ. "ಎಲ್ಲ ಫೇಲಾ ಮಾಸ್ಟ್ರೇ? ಒಬ್ಬನನ್ನಾದ್ರೂ ಪಾಸು ಮಾಡಿ ಮಾರಾಯ್ರೆ" ಎನ್ನುತ್ತಿದ್ದ. ಮುಂದೆ ಇಂಟರ್ನೆಟ್ ಬಂತು, ಕಾಗದ ಹೋಯಿತು. ನಾವು ಬಳಸುತ್ತಿದ್ದ ಕರ್ನೆಲ್ ಯಾರೊಬ್ಬನ ಆಸ್ತಿಯೂ ಆಗಿರಲಿಲ್ಲ. ಬೇರೆ ಬೇರೆ ದೇಶದವರು ಮೇಲ್‌ನಲ್ಲಿ ಬದಲಾವಣೆ ಕಳಿಸುತ್ತಿದ್ದರು, ಉಳಿದವರು ಓದಿ ಜಗಳವಾಡುತ್ತಿದ್ದರು, ಚೆನ್ನಾಗಿದ್ದರೆ ಬರೆದವನ ಹೆಸರಿನೊಂದಿಗೆ ಅದು ಒಳಗೆ ಸೇರುತ್ತಿತ್ತು. ನಮ್ಮ ಆಫೀಸಿನಿಂದ ಏನಾದರೂ ಅಲ್ಲಿಗೆ ಹೋಗಬೇಕಾದರೆ ಮೊದಲು ನಾನು ಒಪ್ಪಬೇಕು ಎಂಬುದು ಜಿನರಾಜರ ಕಟ್ಟಳೆ.

ಈ ಕಟ್ಟಳೆಗೆ ಸಿಕ್ಕಿಬಿದ್ದವನು ರಘುರಾಮ.

ಅವನು ಬೆಳ್ತಂಗಡಿಯವನು. ಟಿ.ವಿ. ರಿಪೇರಿ ಮಾಡುತ್ತಿದ್ದವನು, ಮೂವತ್ತರ ಹತ್ತಿರ ನಮ್ಮಲ್ಲಿಗೆ ಬಂದ. ಕೈಯಲ್ಲಿ ಪದವಿ ಇರಲಿಲ್ಲ. ಅದು ಅವನಿಗೆ ದೊಡ್ಡ ನೋವಾಗಿತ್ತು. ಮದುವೆಯ ಮಾತುಕತೆ ಎಲ್ಲಿ ನಡೆದರೂ "ಏನು ಓದಿದ್ದು?" ಎಂಬಲ್ಲಿಗೆ ನಿಲ್ಲುತ್ತಿತ್ತಂತೆ. ಲೋಕದವರೆಲ್ಲ ಸೇರಿ ಕಟ್ಟುವ ಆ ಕರ್ನೆಲ್‌ನಲ್ಲಿ ತನ್ನದೊಂದು ಫಂಕ್ಷನ್ ಸೇರಬೇಕು, ಅದರ ಪಕ್ಕದಲ್ಲಿ ತನ್ನ ಹೆಸರು ಇರಬೇಕು ಎಂಬುದು ಅವನ ಆಸೆ. "ಅಲ್ಲಿ ಯಾರೂ ಏನು ಓದಿದ್ದಿ ಅಂತ ಕೇಳುವುದಿಲ್ಲ ಕಾಕ. ಬರೆದದ್ದು ಸರಿ ಉಂಟಾ ಅಂತ ಮಾತ್ರ ನೋಡ್ತಾರೆ" ಎನ್ನುತ್ತಿದ್ದ. ಇದಕ್ಕಿಂತ ಹೆಚ್ಚಿನದನ್ನು ಅವನು ಯಾರಲ್ಲೂ ಕೇಳಿದ್ದು ನಾನು ಕಂಡಿಲ್ಲ.

ಅವನು ಅದಕ್ಕಾಗಿ ಹಿಡಿದುಕೊಂಡದ್ದು ಒಂದು ಸಹಾಯಕ ಫಂಕ್ಷನ್. ಆಗ ನಮ್ಮ ದೊಡ್ಡ ತಲೆನೋವು ರಬ್ಬರಿನ ಹೊಗೆಗೂಡುಗಳು. ರಬ್ಬರ್ ಹಾಲನ್ನು ಹೆಪ್ಪು ಹಾಕಿ, ಶೀಟು ಮಾಡಿ, ಒಂದು ಕೋಣೆಯಲ್ಲಿ ಬಿದಿರಿನ ಮೇಲೆ ತೂಗಹಾಕಿ, ಅಡಿಯಿಂದ ಹೊಗೆ ಕೊಟ್ಟು ಒಣಗಿಸುತ್ತಾರೆ. ಆ ಕೋಣೆಯೇ ಹೊಗೆಗೂಡು. ಬಿಸಿ ಕಡಿಮೆಯಾದರೆ ಶೀಟಿಗೆ ಬೂಸು ಬರುತ್ತದೆ, ಹೆಚ್ಚಾದರೆ ಅದು ಕರಗಿ ತೊಟ್ಟಿಕ್ಕಿ ಬೆಂಕಿ ಹಿಡಿಯುತ್ತದೆ. ಅದಕ್ಕೆ ನಮ್ಮ ಪೆಟ್ಟಿಗೆ. ಬಿಸಿ ಹೆಚ್ಚಾದರೆ ಗಂಟೆ ಬಾರಿಸುತ್ತದೆ. ಆದರೆ ಹೊಗೆಯ ಜಿಡ್ಡು ಸೆನ್ಸರಿನ ಸಂದಿಗಳಲ್ಲಿ ಕೂತು ಅದು ಆಗಾಗ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಿತ್ತು. ಆಗ ಪರದೆಯ ಮೇಲೆ ಅಂಕಿಯ ಬದಲು ಮೂರು ಗೆರೆ ಬರುತ್ತಿತ್ತು. ಗೆರೆ ಕಂಡ ಕೂಡಲೇ ಗಿರಾಕಿಗಳು ಫೋನು ಎತ್ತುತ್ತಿದ್ದರು. "ನಿಮ್ಮ ಪೆಟ್ಟಿಗೆ ಸತ್ತು ಹೋಗಿದೆ, ತಕ್ಕೊಂಡು ಹೋಗಿ."

ರಘುರಾಮ ಒಂದು ಉಪಾಯ ಹುಡುಕಿದ. ಸೆನ್ಸರ್ ಉತ್ತರ ಕೊಡದಿದ್ದರೆ ಫಂಕ್ಷನ್ ಗೆರೆ ತೋರಿಸಬಾರದು. ಹಿಂದಿನ ಸಲ ಸಿಕ್ಕಿದ ಒಳ್ಳೆಯ ಅಂಕಿಯನ್ನೇ ಮತ್ತೆ ಕೊಡಬೇಕು.

ಮೊದಲ ಸಲ ತಂದಾಗ ಅದರಲ್ಲಿ ಸಣ್ಣಪುಟ್ಟ ಹುಳುಕುಗಳಿದ್ದವು. ಎರಡು ಡ್ರೈವರುಗಳು ಒಟ್ಟಿಗೆ ಕೇಳಿದರೆ ಒಂದರ ಅಂಕಿ ಇನ್ನೊಂದಕ್ಕೆ ಹೋಗುತ್ತಿತ್ತು. ಒಂದರ ಕೆಲಸ ಮುಗಿಯುವವರೆಗೆ ಇನ್ನೊಂದು ಒಳಗೆ ಬಾರದ ಹಾಗೆ ಬೀಗ ಹಾಕು, ತಿಳಿಯದ ಅಂಕಿಯನ್ನು ತಿಳಿದ ಹಾಗೆ ಹೇಳುವುದೂ ಬೇಡ ಎಂದೆ. ಬೀಗ ಹಾಕಿಕೊಂಡು ಬಂದ. ಎರಡನೆಯ ಸಲ, ಪೆಟ್ಟಿಗೆ ಆಗಷ್ಟೇ ಚಾಲೂ ಆಗಿ ಹಿಂದಿನ ಅಂಕಿಯೇ ಇಲ್ಲದಿದ್ದರೆ ಏನು ಮಾಡ್ತದೆ ಎಂದು ಕೇಳಿದೆ. ಅದನ್ನೂ ಸರಿಮಾಡಿದ. ಮೂರನೆಯ ಸಲ ತಂದಾಗ ಕೋಡಿನಲ್ಲಿ ಬೆರಳಿಟ್ಟು ತೋರಿಸುವ ತಪ್ಪು ಇರಲಿಲ್ಲ. ಆದರೆ ಆ ಫಂಕ್ಷನ್ ಮಾಡುತ್ತಿದ್ದ ಕೆಲಸವೇ ತಪ್ಪು ಎಂದು ನಾನು ಆಗುವುದಿಲ್ಲ ಎಂದೆ.

ಅವನ ಮುಖ ಕಪ್ಪಿಟ್ಟಿತು. "ಯಾಕೆ ಆಗುವುದಿಲ್ಲ ಕಾಕ? ಮೊದಲೇ ಹೇಳಬಹುದಿತ್ತಲ್ಲ."

"ಮೊದಲೂ ಹೇಳಿದ್ದೇನೆ ಮಾರಾಯ. ನೀನು ಬೀಗದ ಮಾತು ಮಾತ್ರ ಕೇಳಿಸಿಕೊಂಡೆ. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನಬೇಕು."

"ಗೊತ್ತಿಲ್ಲ ಅಂದ್ರೆ ಜನ ಸಿಟ್ಟಾಗ್ತಾರೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸ್ತೇವಾ? ಏನೂ ಇಲ್ಲದಿದ್ರೆ ಬೆಲ್ಲ-ನೀರಾದ್ರೂ ಕೊಡುವುದಿಲ್ವಾ? ಇದೂ ಹಾಗೇ. ಕೇಳಿದವರಿಗೆ ಏನಾದ್ರೂ ಒಂದು ಕೊಡ್ತದೆ."

ನನಗೆ ನಗು ಬಂತು, ಸಿಟ್ಟೂ ಬಂತು. ನಮ್ಮ ಕಡೆಯ ಮರ್ಯಾದೆಯೇ ಹಾಗೆ. ಬಸ್ಸು ಯಾವಾಗ ಎಂದರೆ "ಈಗ ಬರ್ತದೆ" ಎನ್ನುತ್ತೇವೆ. ಬಸ್ಸು ಆ ದಿನ ಕೆಟ್ಟು ನಿಂತಿರಬಹುದು, ನಮಗೇನು ಗೊತ್ತು? ಆದರೆ ಗೊತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲು ನಾಲಿಗೆ ಬಾರದು. ರಘುರಾಮ ಆ ಮರ್ಯಾದೆಯನ್ನು ಕರ್ನೆಲ್‌ಗೂ ಕಲಿಸಲು ಹೊರಟಿದ್ದ. ಅವನಲ್ಲಿ ಕಪಟ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಾನು ಒಪ್ಪದೆ ಅದು ಹೊರಗಿನ ಕರ್ನೆಲ್‌ಗೆ ಹೋಗಲಿಲ್ಲ. ಅವನು ನನ್ನೊಡನೆ ಮಾತು ಬಿಟ್ಟ. ಬೆಳಿಗ್ಗೆ ಬಂದರೆ ಒಂದು ನಮಸ್ಕಾರ, ಅಷ್ಟೇ. ನನಗೂ ಬೇಜಾರಿತ್ತು. ಅವನಷ್ಟು ಚೆಂದ ಬರೆಯುವವರು ಆಫೀಸಿನಲ್ಲಿ ಬೇರೆ ಇರಲಿಲ್ಲ, ಅವನದನ್ನೇ ನಾನು ಮತ್ತೆ ಮತ್ತೆ ತಿರುಗಿಸಿ ಕಳಿಸುತ್ತಿದ್ದೆ. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ, "ನಿಮಗೆ ಒಂದು ಸಲ ಆಗಲಿ ಅಂದ್ರೆ ಏನು ಹೋಗ್ತದೆ?" ಎಂದಳು. ಈ ಕೆಲಸದಲ್ಲಿ ಮನೆಯವರಿಂದಲೂ ಸಮಾಧಾನ ಸಿಗುವುದಿಲ್ಲ ಮಕ್ಕಳೇ, ಇದನ್ನು ತಿಳಿದುಕೊಂಡೇ ಬನ್ನಿ.

ಆಗ ಜಿನರಾಜರು ನಡುವೆ ಬಂದರು. ಮೆಲುಮಾತಿನ ಮನುಷ್ಯ. ಯಾರೊಡನೆಯೂ ಜಗಳ ಬೇಡ, ಎಲ್ಲದಕ್ಕೂ "ನೋಡುವ" ಎನ್ನುವವರು. ನನ್ನನ್ನು ಕೂರಿಸಿ ಹೇಳಿದರು. "ಕಾಕ, ನೀವು ಹೇಳುವುದು ಸರಿ. ಹೊರಗೆ ಕಳಿಸುವುದು ಬೇಡ. ಆದರೆ ನಮ್ಮ ಪೆಟ್ಟಿಗೆಗಳಲ್ಲಿ ಮಾತ್ರ ಹಾಕುವ. ದಿನಾ ಫೋನು ಬರ್ತಾ ಉಂಟು. ಹೀಗೇ ಆದ್ರೆ ಬಾಗಿಲು ಹಾಕ್ಬೇಕಾಗ್ತದೆ."

"ಹೊರಗಿನವರಿಗೆ ಆಗದ್ದು ನಮ್ಮವರಿಗೆ ಆಗ್ತದಾ?" ಎಂದೆ.

"ನೋಡುವ," ಎಂದರು.

ನೋಡುವ ಎಂದರೆ ಆಯಿತು ಎಂದೇ ಅರ್ಥ. ನನ್ನ ಒಪ್ಪಿಗೆ ಇಲ್ಲದೆ ಒಳಗೆ ಹೋದ ಫಂಕ್ಷನ್ ಅದೊಂದೇ. ಆಗುವುದಿಲ್ಲ ಎಂದು ನಾನು ಬರೆದ ಮೇಲ್ ಹಾಗೆಯೇ ಉಳಿಯಿತು, ಅದರ ಮೇಲಿನಿಂದಲೇ ಪೆಟ್ಟಿಗೆಗಳು ಹೊರಟವು. ರಿವ್ಯೂ ಮಾಡುವವನ ಕೈಯಲ್ಲಿ ಇರುವುದು ಬಾಯಿ ಮಾತ್ರ. ಬೀಗದ ಕೈ ಬೇರೆಯವರಲ್ಲಿ ಇರುತ್ತದೆ.

ಹೊಸ ಪೆಟ್ಟಿಗೆಗಳನ್ನು ಕೂರಿಸಲು ರಘುರಾಮನೇ ಹೋದ. ಅವುಗಳಲ್ಲೊಂದು ನೆರಿಯದ ಏಲಿಯಮ್ಮನವರದು. ಅವರು ವಿಧವೆ, ಹೊಗೆಗೂಡೇ ಅವರ ಜೀವನಾಧಾರ. ಅಕ್ಕಪಕ್ಕದ ಸಣ್ಣ ಬೆಳೆಗಾರರ ಶೀಟುಗಳನ್ನೂ ತಂದು ಹೊಗೆ ಹಾಕಿ ಕೊಡುತ್ತಿದ್ದರು. ರಘುರಾಮ ಹಿಂದಿರುಗಿ ಬಂದವನು ಬಹಳ ದಿನಗಳ ಮೇಲೆ ನನ್ನೊಡನೆ ಮಾತಾಡಿದ. "ಆ ಅಮ್ಮ ಇಷ್ಟರವರೆಗೆ ಹೊಗೆಗೂಡಿನ ಬಾಗಿಲಿಗೆ ಅಂಗೈ ಇಟ್ಟು ಬಿಸಿ ನೋಡ್ತಾ ಇದ್ರಂತೆ ಕಾಕ. ಇನ್ನು ಅಡುಗೆಮನೆಯಲ್ಲೇ ಕಾಣ್ತದೆ, ನಡೆಯುವ ಕೆಲಸ ಇಲ್ಲ. ನನಗೆ ಮರಗೆಣಸು ಬೇಯಿಸಿ ಕೊಟ್ರು." ಅವನ ಮುಖದಲ್ಲಿ ಸಂತೋಷ ಇತ್ತು. ನಾನೂ ಒಳ್ಳೆಯದಾಯಿತು ಎಂದೆ.

ಫೋನುಗಳು ನಿಂತವು. ಗೆರೆಗಳೇ ಇಲ್ಲ, ಇನ್ನು ದೂರು ಎಲ್ಲಿಯದು? ಜಿನರಾಜರು ನಿರಾಳವಾದರು. ಆಫೀಸಿನವರೆಲ್ಲ ನನ್ನನ್ನು ಸ್ವಲ್ಪ ತಮಾಷೆ ಮಾಡಿದರು. ಕಾಕನ ಮಾತು ಕೇಳಿದ್ದರೆ ಉಪವಾಸವೇ ಎಂದರು. ನಾನೂ ನಕ್ಕೆ. ನನ್ನ ಹಠವೇ ಹೆಚ್ಚಾಯಿತೇನೋ ಎಂದು ನನಗೂ ಅನ್ನಿಸತೊಡಗಿತ್ತು.

ಚಳಿಗಾಲದಲ್ಲಿ, ರಬ್ಬರ್ ಹಾಲು ಹೆಚ್ಚು ಇಳಿಯುವ ಸಮಯದಲ್ಲಿ, ಏಲಿಯಮ್ಮನವರ ಹೊಗೆಗೂಡು ಸುಟ್ಟುಹೋಯಿತು.

ಅವರು ಮೂಡುಬಿದಿರೆಗೆ ಬಂದದ್ದು ಒಂದು ವಾರದ ನಂತರ. ಎರಡೂ ಕೈಗೆ ಮಣಿಕಟ್ಟಿನವರೆಗೆ ಬಟ್ಟೆ ಸುತ್ತಿತ್ತು. ಶೀಟು ಉಳಿಸಲು ಹೋಗಿ ಕಾದ ಬಾಗಿಲನ್ನು ಎಳೆದಿದ್ದರು. ಜೊತೆಗೆ ಬಂದಿದ್ದ ಆಟೋದವನು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟು ಹೊರಗೆ ಹೋದ. ಪೆಟ್ಟಿಗೆಗೆ ಏನೂ ಆಗಿರಲಿಲ್ಲ, ಅದು ಅಡುಗೆಮನೆಯ ಗೋಡೆಯಲ್ಲಿ ಇತ್ತು. ಹೊಗೆಗೂಡಿನಲ್ಲಿ ಇದ್ದ ಸೆನ್ಸರಿನ ವಯರು ಮಧ್ಯಾಹ್ನವೇ ಕಡಿದುಹೋಗಿತ್ತು. ಅಲ್ಲಿಂದ ಸಂಜೆಯವರೆಗೂ ನಮ್ಮ ಪೆಟ್ಟಿಗೆ ಐವತ್ತೆರಡು ಡಿಗ್ರಿ ಎಂದು ತೋರಿಸುತ್ತಲೇ ಇತ್ತು. ಐವತ್ತೆರಡು ಒಳ್ಳೆಯ ಬಿಸಿ. ಗಂಟೆ ಬಾರಿಸುವ ಕಾರಣವೇ ಇಲ್ಲ.

ಜಿನರಾಜರು ಮೆಲ್ಲಗೆ ಶುರುಮಾಡಿದರು. "ಅಮ್ಮ, ವಯರನ್ನು ಇಲಿ ಕಚ್ಚಿದ್ದು ಕಾಣ್ತದೆ. ಯಂತ್ರದ್ದು ಏನೂ..."

"ಇಲಿ ಎಲ್ಲ ಮನೆಯಲ್ಲೂ ಉಂಟು ಸಾರ್," ಎಂದರು ಏಲಿಯಮ್ಮ. ದನಿ ಏರಿಸಲಿಲ್ಲ. "ನಾನು ಮೀನು ಕೊಯ್ತಾ ಅದನ್ನೇ ನೋಡ್ತಾ ಇದ್ದೆ. ಐವತ್ತೆರಡು. ಅನ್ನ ಬಸಿಯುವಾಗ ನೋಡಿದೆ. ಐವತ್ತೆರಡು. ನನಗೆ ಗೊತ್ತಿಲ್ಲ ಅಂತ ಅದು ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನೇ ಎದ್ದು ಹೋಗಿ ಬಾಗಿಲಿಗೆ ಕೈ ಇಡ್ತಿದ್ದೆ."

ರಘುರಾಮ ಮೂಲೆಯ ಮೇಜಿನಿಂದ ಎದ್ದು ಬಂದು ಅವರ ಎದುರು ನಿಂತ.

"ಹಾಗೆ ತೋರಿಸುವ ಹಾಗೆ ಬರೆದದ್ದು ನಾನು ಅಮ್ಮ."

ಅವರು ಅವನ ಮುಖ ನೋಡಿದರು. "ನೀನಾ? ನೀನು ಅವತ್ತು ನಮ್ಮಲ್ಲಿ ಊಟ ಮಾಡಿ ಹೋದವ ಅಲ್ವಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಅವನು ಕೆಲಸ ಬಿಡುತ್ತಿರಲಿಲ್ಲವೋ ಏನೋ.

ಅವರು ಹೋದ ಮೇಲೆ ಆಫೀಸಿನಲ್ಲಿ ಯಾರೋ ಒಬ್ಬ, "ಕಾಕ ಆಗಲೇ ಹೇಳಿದ್ರು" ಎಂದ. ನಾನು ಅವನನ್ನು ಚೆನ್ನಾಗಿ ಉಗಿದೆ. ಆ ಮಾತಿನಿಂದ ಯಾರ ಕೈ ವಾಸಿಯಾಗುತ್ತದೆ? ನೀವು ಹೇಳಿದ್ದೇ ಸರಿಯಾಗುವ ದಿನ ಈ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟ ದಿನ. ಅಂಥ ದಿನ ನಿಮಗೆ ಬಾರದಿರಲಿ ಎಂದು ನಾನು ದುಆ ಮಾಡುತ್ತೇನೆ.

ಜಿನರಾಜರು ರಘುರಾಮನಿಗೆ ಹೋಗು ಎನ್ನಲಿಲ್ಲ. ಹಾಕು ಎಂದು ಹೇಳಿದ್ದೇ ನಾನು, ನಿನ್ನದೇನು ತಪ್ಪು ಎಂದು ಎಲ್ಲರ ಎದುರಿಗೇ ಹೇಳಿದರು. ಆ ಮನುಷ್ಯನ ಕಣ್ಣಲ್ಲೂ ನೀರಿತ್ತು. ರಘುರಾಮ ಕೆಲಸ ಬಿಡುವ ಮನಸ್ಸು ಮಾಡಿದ್ದ, ಅದನ್ನು ಬದಲಿಸಲಿಲ್ಲ. "ಕಾಕ, ಆ ಫಂಕ್ಷನ್ ತೆಗೆದು ಹೋಗ್ತೇನೆ. ಬೇರೆಯವರು ತೆಗೆಯುವುದು ಬೇಡ," ಎಂದ. ತೆಗೆದ ಮೇಲೆ ನಿಲ್ಲುವುದಿಲ್ಲವೇ ಎಂದು ಕೇಳಿದೆ. "ಇನ್ನು ಬರೆಯುವಾಗ ಆ ಅಮ್ಮನ ಕೈ ಕಾಣ್ತದೆ," ಎಂದ. ನಾನು ಅವನಿಗೆ ಬಹಳ ಹೇಳಿದೆ. ತಪ್ಪು ಎಲ್ಲರೂ ಮಾಡುತ್ತಾರೆ, ಅದಕ್ಕೇ ನನ್ನಂಥವರಿಗೆ ಉದ್ಯೋಗ ಎಂದೆ. ಹೊರಗಿನ ಕರ್ನೆಲ್‌ಗೆ ಬೇರೆ ಒಂದು ಬರೆ, ನಾನೇ ಜೊತೆಗೆ ಕೂತು ನೋಡುತ್ತೇನೆ ಎಂದೆ. ಅವನು ಒಪ್ಪಲಿಲ್ಲ. ಈಗ ಅವನು ಧರ್ಮಸ್ಥಳದಲ್ಲಿ ಒಂದು ಲಾಡ್ಜಿನ ಪಂಪು, ಲೈಟು ನೋಡಿಕೊಳ್ಳುತ್ತಾನೆ. ಅಲ್ಲಿಗೆ ಹೋದವರು ಕಂಡದ್ದನ್ನು ನನಗೆ ಹೇಳುತ್ತಾರೆ. ಕಂಪ್ಯೂಟರ್ ಮುಟ್ಟುವುದಿಲ್ಲವಂತೆ.

ಅವನ ಕೊನೆಯ ದಿನ ಮಧ್ಯಾಹ್ನ, ಫಂಕ್ಷನ್ ತೆಗೆದುಹಾಕುವ ಬದಲಾವಣೆ ನನಗೆ ಓದಲು ಬಂತು. ಮೇಲೆ ವಿವರಣೆ ಬರೆದಿದ್ದ. ಈ ಫಂಕ್ಷನ್ ತನಗೆ ತಿಳಿಯದ್ದನ್ನು ತಿಳಿದಂತೆ ಹೇಳುತ್ತದೆ, ಇದರಿಂದ ಒಬ್ಬರಿಗೆ ಹಾನಿಯಾಗಿದೆ, ಇನ್ನು ಮುಂದೆ ಸೆನ್ಸರ್ ಉತ್ತರಿಸದಿದ್ದರೆ ಹಾಗೆಂದೇ ತೋರಿಸಬೇಕು. ಕೆಳಗೆ ಅವನ ಹೆಸರು. ಅವನು ಕೋಣೆಯ ಆಚೆ ಬದಿಯಲ್ಲಿ ಮೇಜಿನ ಡ್ರಾಯರ್ ಖಾಲಿ ಮಾಡುತ್ತಾ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಒಂದು ತಪ್ಪು ಸಿಕ್ಕಿದರೆ ತಿರುಗಿಸಿ ಕಳಿಸಬಹುದು, ಅವನು ನಾಳೆಯೂ ಬರಬೇಕಾಗುತ್ತದೆ, ನಾಳೆ ಅವನೊಡನೆ ಇನ್ನೊಮ್ಮೆ ಮಾತಾಡಬಹುದು ಎಂದು ನನಗೆ ಹೊಳೆಯಿತು. ಆ ಫಂಕ್ಷನ್ನನ್ನು ಕರೆಯುತ್ತಿದ್ದ ಪ್ರತಿಯೊಂದು ಡ್ರೈವರನ್ನೂ ತೆರೆದು ನೋಡಿದೆ. ಎಲ್ಲ ಕಡೆಯಿಂದಲೂ ತೆಗೆದಿದ್ದ. ಬೀಗಗಳನ್ನು ನೋಡಿದೆ, ಬಿಡಿಸಬೇಕಾದಲ್ಲಿ ಬಿಡಿಸಿದ್ದ. ಮತ್ತೆ ಮೊದಲಿನಿಂದ ಓದಿದೆ. ಜೀವಮಾನದಲ್ಲಿ ತಪ್ಪು ಸಿಗಲಿ ಎಂದು ಬಯಸಿ ಓದಿದ್ದು ಅದೊಂದೇ ಸಲ. ಒಂದು ಅಲ್ಪವಿರಾಮವೂ ತಪ್ಪಾಗಿರಲಿಲ್ಲ. ಆಗಬಹುದು ಎಂದು ಬರೆದು ಕಳಿಸಿದೆ, ಅವನು ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದು ಹೋದ.